ಬೆಟ್ಟದ ಮೇಲೊಂದು ಸಿಲ್ಕ್ ಬೋರ್ಡ್

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಮೇಲೆ ಜನ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳ ಹಾಗೆ ಕ್ಯೂ ನಿಂತ ವಿಡಿಯೊ ಮರೆತಿಲ್ಲ ತಾನೆ? ಮುಂದೆ ಬ್ಯಾಗು, ಹಿಂದೆ ಬ್ಯಾಗು, ನಡುವೆ ಪ್ರಕೃತಿಪ್ರೇಮಿ. ಸರ್ಕಾರ ಬೆಚ್ಚಿಬಿದ್ದು, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವೇ ಬೇಡ ಎಂದಿತು. ಆಮೇಲೆ ವೆಬ್‌ಸೈಟ್ ಬಂತು, ಟಿಕೆಟ್ ಬಂತು, ತಲೆ ಎಣಿಸಿ ಒಳಗೆ ಬಿಡುವ ಪದ್ಧತಿ ಬಂತು. ಇನ್ನೇನು ಬೇಕು? ಸಮಸ್ಯೆ ಕಂಪ್ಯೂಟರಿನೊಳಗೆ ಹೋಯಿತು ಎಂದರೆ ನಮ್ಮಲ್ಲಿ ಅದು ಮುಗಿದ ಹಾಗೇ.

ಈಗ ಕುದುರೆಮುಖಕ್ಕೆ ಬನ್ನಿ. ಎತ್ತರ 1,894 ಮೀಟರ್. ಬುಡದ ಊರು ಮುಳ್ಳೋಡಿಯಿಂದ ಹತ್ತಿ ಇಳಿಯುವುದು ಸುಮಾರು 20 ಕಿಲೋಮೀಟರ್. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಟಿಟಿ (ಟೆಂಪೊ ಟ್ರಾವೆಲರ್) ಹತ್ತು, ಬೆಳಗ್ಗೆ ಕಳಸದ ಸುತ್ತಮುತ್ತ ಹೋಂಸ್ಟೇಯಲ್ಲಿ ಮುಖ ತೊಳೆ, ಬಾಳೆಗಲ್ಲಿನಿಂದ ಜೀಪಿನಲ್ಲಿ ಕುಲುಕಾಡು, ಬೆಟ್ಟ ಹತ್ತು, ಕತ್ತಲಾಗುವ ಮುಂಚೆ ಇಳಿ. ರಾತ್ರಿಯಿಡೀ ನಿದ್ದೆಗೆಟ್ಟವನನ್ನು 20 ಕಿಲೋಮೀಟರ್ ನಡೆಸುವ ಈ ಪ್ಯಾಕೇಜಿಗೆ ಜಾಹೀರಾತಿನಲ್ಲಿ ‘ರಿಲ್ಯಾಕ್ಸ್’ ಎಂದು ಬರೆದಿರುತ್ತಾರೆ.

ಎಲ್ಲ ಟಿಟಿಗಳೂ ಹೊರಡುವುದು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಆದ್ದರಿಂದ ಬರುವುದೂ ಒಂದೇ ಹೊತ್ತಿಗೆ. ದಿನಕ್ಕಿಷ್ಟು ಜನ ಎಂದು ಎಣಿಸಿದರೇನು, ಆ ಜನವೆಲ್ಲ ಬೆಳಗ್ಗೆ ಎರಡೇ ತಾಸಿನ ಅಂತರದಲ್ಲಿ ಹತ್ತಲು ಶುರು ಮಾಡಿದರೆ? ಲೆಕ್ಕ ಹಾಕಿ ನೋಡಿ. ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. ಹಳ್ಳ ದಾಟಲು ಒಬ್ಬರಿಗೆ ಅರ್ಧ ನಿಮಿಷ. ಸಾಲಿನಲ್ಲಿ ನೂರು ಜನ ಇದ್ದರೆ ಕೊನೆಯವನಿಗೆ ಐವತ್ತು ನಿಮಿಷ ಕಾಯುವ ಭಾಗ್ಯ. ಇದು ಯಾರೂ ಜಾರದಿದ್ದರೆ, ಕಲ್ಲಿನ ಮೇಲೆ ನಿಂತು ಯಾರೂ ರೀಲ್ಸ್ ಮಾಡದಿದ್ದರೆ. ಮಳೆಗಾಲದಲ್ಲಿ ಈ ಎರಡೂ ಒಟ್ಟಿಗೇ ಆಗುವುದುಂಟು, ಒಬ್ಬನೇ ಮನುಷ್ಯನಿಂದ. ದಾರಿಯಲ್ಲಿ ಸಿಗುವ ಒಂಟಿಮರದ ಬುಡದಲ್ಲಿ ನಲವತ್ತು ಜನ ಫೋಟೊಗೆ ಕಾಯುತ್ತಿರುತ್ತಾರೆ. ಮರ ಮಾತ್ರ ಕಾಣುವ ಹಾಗೆ ಚೌಕಟ್ಟು ಕಟ್ಟುವ ಅವರ ಕೌಶಲಕ್ಕೆ ನಮಸ್ಕಾರ.

ಸಾಲಿನಲ್ಲಿ ತಾಳ್ಮೆ ಕೆಟ್ಟವನು ದಾರಿ ಬಿಟ್ಟು ಹುಲ್ಲಿಗೆ ಇಳಿಯುತ್ತಾನೆ. ಕೆಸರು ಕಂಡವನೂ ಇಳಿಯುತ್ತಾನೆ. ಹೊಸ ಶೂ ಅಲ್ಲವೇ, ಕೊಳೆಯಾದರೆ ಹೇಗೆ? ವಾರ ಕಳೆಯುವುದರಲ್ಲಿ ಅಲ್ಲೊಂದು ಎರಡನೇ ದಾರಿ, ತಿಂಗಳಿಗೆ ಮೂರನೆಯದು. ಏರುದಾರಿ ಅಂಕುಡೊಂಕಾಗಿ ಹೋಗುವುದು ಯಾರಿಗೋ ಬುದ್ಧಿ ಕಮ್ಮಿಯಾಗಿ ಅಲ್ಲ. ನೀರಿನ ರಭಸ ಮುರಿಯಲಿ ಅಂತ. ನಮ್ಮವರು ಅದನ್ನು ನೇರಕ್ಕೆ ಸೀಳಿ ಶಾರ್ಟ್‌ಕಟ್ ಮಾಡುತ್ತಾರೆ. ತುಳಿದ ಕಡೆ ಹುಲ್ಲಿನ ಬೇರು ಸಾಯುತ್ತದೆ, ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ, ಮುಂದಿನ ಮಳೆ ಅದೇ ಶಾರ್ಟ್‌ಕಟ್ಟಿನಲ್ಲಿ ಇಳಿದು ಮೊಣಕಾಲುದ್ದದ ಕೊರಕಲು ತೋಡುತ್ತದೆ. ಆಗ ಅದರಲ್ಲೂ ನಡೆಯಲಾಗದೆ ಪಕ್ಕಕ್ಕೆ ನಾಲ್ಕನೇ ದಾರಿ. ಮೇಲೆ ಹುಲ್ಲುಗಾವಲು, ಕಣಿವೆಯಲ್ಲಿ ಶೋಲಾ ಎಂಬ ಕುಳ್ಳ ಮರಗಳ ದಟ್ಟ ಕಾಡು ಇರುವ ಈ ಏರ್ಪಾಡು ಮಳೆಯನ್ನು ಹಿಡಿದಿಟ್ಟು ಬೇಸಿಗೆವರೆಗೆ ಹಳ್ಳಕ್ಕೆ ಬಿಡುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದೂ ಇದೇ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ. ‘ಮರವೇ ಇಲ್ಲ, ಬರೀ ಹುಲ್ಲು, ತುಳಿದರೇನಂತೆ’ ಎನ್ನುವವರು ಮನೆಗೆ ಹೋಗಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳುವುದಿಲ್ಲ.

ಹಾಗೆ ನೋಡಿದರೆ ಬೆಟ್ಟ ಕರಗಿಸುವುದು ಇಲ್ಲಿ ಹೊಸ ಕಸುಬೇನಲ್ಲ. 1976ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಇಲ್ಲಿನ ಕಬ್ಬಿಣದ ಅದಿರು ಅಗೆದು, ಅರೆದು, ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿತ್ತು. ಉಳಿದ ಹೂಳು ಲಕ್ಯಾ ಅಣೆಕಟ್ಟಿಗೆ. 1987ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾಯಿತು. ಗಣಿಗಾರಿಕೆ ಅದರ ಪಾಡಿಗೆ ನಡೆಯುತ್ತಲೇ ಇತ್ತು. ನಿಲ್ಲಿಸಿ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು, 2005ರ ಕೊನೆಗೆ ನಿಂತಿತು. ಅಂದು ಸಗಟು ವ್ಯಾಪಾರ, ಇಂದು ಶೂಗಳ ಚಿಲ್ಲರೆ ವ್ಯಾಪಾರ, ಅಷ್ಟೇ ವ್ಯತ್ಯಾಸ. ಚಿಲ್ಲರೆಯವರಾದರೂ ಟಿಕೆಟ್ ತೆಗೆದುಕೊಳ್ಳುತ್ತಾರೆ ಎಂದು ಸಮಾಧಾನಪಟ್ಟುಕೊಳ್ಳೋಣ.

ಉಂಬಳದ, ಅಂದರೆ ಜಿಗಣೆಯ, ವಿಚಾರ ಬಿಡುವ ಹಾಗಿಲ್ಲ. ಅದರ ಹೆಸರು ಕೇಳಿದರೆ ಸಾಕು, ಐದು ಜನರ ತಂಡ ಎರಡು ಕೆ.ಜಿ. ಉಪ್ಪು ಹೊತ್ತು ಬರುತ್ತದೆ. ಹತ್ತಿದ ಉಂಬಳಕ್ಕೆ ಉಪ್ಪು ಸುರಿದರೆ, ಲೈಟರ್ ಹಿಡಿದರೆ, ಅದು ಹೀರಿದ್ದನ್ನು ಗಾಯಕ್ಕೇ ಕಕ್ಕಬಹುದು. ಉಗುರಿನ ಅಂಚನ್ನು ಚರ್ಮಕ್ಕೆ ಒತ್ತಿ, ಅದರ ಬಾಯಿಯ ಕೆಳಗೆ ಸರಿಸಿದರೆ ಕಳಚಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ತೊಳೆದು ಬಟ್ಟೆ ಒತ್ತಿ ಹಿಡಿದರೆ ಆಯಿತು. ಇಷ್ಟಕ್ಕೆ ಆಂಬುಲೆನ್ಸ್ ಬೇಡ. ಉಳಿದ ಉಪ್ಪನ್ನು ಸುರಿದು ಬರುವ ಹಳ್ಳದ ದಂಡೆಯಲ್ಲಿ ಚರ್ಮದಿಂದಲೂ ಉಸಿರಾಡುವ ಕಪ್ಪೆಗಳಿರುತ್ತವೆ. ಅವುಗಳಿಗೆ ಟಿಕೆಟ್ ಇರಲಿಲ್ಲವಲ್ಲ, ಯಾರು ಎಣಿಸುತ್ತಾರೆ.

ಇಳಿಯುವಾಗ ಇನ್ನೊಂದು ಪ್ರಹಸನ. ಜೀನ್ಸ್ ನೆನೆದು ಭಾರ, ಸವೆದ ಅಡಿಯ ಸ್ಪೋರ್ಟ್ಸ್ ಶೂ, ಸಡಿಲ ಲೇಸು. ಪ್ರತಿ ಹೆಜ್ಜೆಗೂ ಕಾಲು ಮುಂದಕ್ಕೆ ಜಾರಿ ಹೆಬ್ಬೆರಳು ಶೂವಿನ ತುದಿಗೆ ಬಡಿಯುತ್ತದೆ, ಸಂಜೆಗೆ ಉಗುರು ಕಪ್ಪು. ಹಿಂದಿನ ದಿನವೇ ಉಗುರು ಕತ್ತರಿಸಿ, ಇಳಿಯುವ ಮುಂಚೆ ಪಾದದ ಗಿಣ್ಣಿನ ಹತ್ತಿರ ಲೇಸು ಬಿಗಿದು, ಸಣ್ಣ ಹೆಜ್ಜೆ ಇಟ್ಟರೆ ಮುಗಿಯಿತು. ಆದರೆ ಹೇಳುವವರಿಲ್ಲ. ‘ಟ್ರೆಕ್ ಲೀಡರ್’ ಎಂಬ ಹುಡುಗನಿಗೆ ಬ್ಲೂಟೂತ್ ಸ್ಪೀಕರ್ ಹೊರುವ ಹೊಣೆಯೇ ಸಾಕಷ್ಟಿದೆ. ಅಗ್ಗದ ಪ್ಲಾಸ್ಟಿಕ್ ರೇನ್‌ಕೋಟು ಅರ್ಧ ದಾರಿಯಲ್ಲಿ ಹರಿದು ಪೊದೆಗೆ ನೇತುಬೀಳುತ್ತದೆ. ತುಂಬಿದ ನೀರಿನ ಬಾಟಲಿ ಹೊತ್ತು ಹತ್ತುವ ಶಕ್ತಿ ಇದ್ದವನಿಗೆ ಖಾಲಿ ಬಾಟಲಿ ಹೊತ್ತು ಇಳಿಯಲು ಆಗುವುದಿಲ್ಲ. ಇದಕ್ಕೆ ತಮಾಷೆ ಮಾಡುವುದೂ ಸಾಕಾಗಿದೆ. ಹೊತ್ತು ಹತ್ತಿಸಿದ್ದನ್ನು ಹೊತ್ತು ಇಳಿಸಿ. ಅಷ್ಟೂ ತಿಳಿಯದವರು ದಯವಿಟ್ಟು ಬರಬೇಡಿ.

ಉದ್ಯಾನದೊಳಗೆ ತಲೆತಲಾಂತರದಿಂದ ಬದುಕಿರುವ ಮನೆಗಳಿವೆ. ಅವರು ರಸ್ತೆ ಕೇಳಿದರೆ, ಕರೆಂಟ್ ಕೇಳಿದರೆ, 1972ರ ವನ್ಯಜೀವಿ ಕಾಯ್ದೆ ಎದ್ದು ಬರುತ್ತದೆ. ಬೇಕಾದರೆ ಪರಿಹಾರ ತಗೊಂಡು ಹೊರಗೆ ಹೋಗಿ ಎಂಬ ಸಲಹೆ ಬರುತ್ತದೆ. ಶನಿವಾರ ಬೆಳಗ್ಗೆ ಬೆಟ್ಟದ ಬುಡದ ಮಣ್ಣುದಾರಿಯಲ್ಲಿ ಸಾಲುಗಟ್ಟಿ ಜೀಪು ಹೋಗುವಾಗ ಆ ಕಾಯ್ದೆ ಎಲ್ಲಿರುತ್ತದೆ? ಬಹುಶಃ ಅದೂ ವಾರಾಂತ್ಯದ ರಜೆ ಹಾಕಿ, ಟಿಕೆಟ್ ತೆಗೆದುಕೊಂಡು, ಹಳ್ಳದ ಈಚೆ ದಡದಲ್ಲಿ ತೊಂಬತ್ತೊಂಬತ್ತನೆಯವನಾಗಿ ನಿಂತಿರಬೇಕು.