ಸ್ಟಾರ್ಟ್ ಆಗದ ಡೀಸೆಲ್ ಕಾರು

ಡೀಸೆಲ್ ಕಾರೊಂದು ಸ್ಟಾರ್ಟ್ ಆಗುತ್ತಿಲ್ಲವೆಂದು ತಿಳಿದೊಡನೆ ತೆರೆದ ಬಾನೆಟ್ಟಿನ ಸುತ್ತ ಸೇರುವ ಹಿತೈಷಿಗಳಲ್ಲಿ ಒಂದು ಸಮಾನ ಗುಣವಿರುತ್ತದೆ: ಪ್ರತಿಯೊಬ್ಬರೂ ತಮ್ಮ ಕಾರಿಗೆ ಹಿಂದೆ ಬಂದಿದ್ದ ಕಾಯಿಲೆಯನ್ನೇ ಈ ಕಾರಿಗೂ ದಯಪಾಲಿಸುತ್ತಾರೆ. ಎಂಜಿನ್ನಿಗೆ ಡೀಸೆಲ್ ದೂಡುವ ಪಂಪಿಗೆ ದುಡ್ಡು ಸುರಿದವರು ಪಂಪ್ ಹೋಗಿದೆ ಎನ್ನುತ್ತಾರೆ. ಸಿಲಿಂಡರಿಗೆ ಡೀಸೆಲ್ ಸಿಡಿಸುವ ಇಂಜೆಕ್ಟರ್ ಬದಲಿಸಿದವರು ಇಂಜೆಕ್ಟರಿನತ್ತ ಬೆರಳು ತೋರಿಸುತ್ತಾರೆ. ಪೆಟ್ರೋಲ್ ಕಾರಿನವರು ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ ನೋಡಿ ಎಂದು ಗಂಭೀರವಾಗಿ ಸೂಚಿಸುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗೇ ಇರುವುದಿಲ್ಲವೆಂದು ಅವರಿಗೆ ತಿಳಿಸಿ ಮನಸ್ಸು ನೋಯಿಸುವ ಧೈರ್ಯ ಯಾರಿಗೂ ಇರುವುದಿಲ್ಲ.

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಿಂದ ಇಂದಿನವರೆಗೂ ಈ ಯಂತ್ರದ ಮೂಲತತ್ತ್ವ ಬದಲಾಗಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಇಂದಿನ ಕಾರುಗಳಲ್ಲಿ ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಅದುಮಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೋ ಅದಕ್ಕೂ ಮೇಲಕ್ಕೋ ಏರುತ್ತದೆ; ಆ ಕಾದ ಗಾಳಿಗೆ ಡೀಸೆಲನ್ನು ಮಂಜಿನಷ್ಟು ನುಣ್ಣಗೆ ಸಿಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಂದರೆ ಎಂಜಿನ್ ಸಾಕಷ್ಟು ವೇಗವಾಗಿ ತಿರುಗಬೇಕು, ಗಾಳಿ ಸಾಕಷ್ಟು ಕಾಯಬೇಕು, ಡೀಸೆಲ್ ಸರಿಯಾದ ಹೊತ್ತಿಗೆ ಸರಿಯಾದ ಒತ್ತಡದಲ್ಲಿ ಬರಬೇಕು. ಬೇಡಿಕೆ ಇಷ್ಟೇ ಆಗಿರುವುದರಿಂದ ಊಹಿಸುವುದಕ್ಕಿಂತ ಒಂದೊಂದನ್ನೇ ನೋಡುತ್ತಾ ಹೋಗುವುದೇ ಸುಲಭ. ಆದರೂ ಜನ ಊಹೆಯನ್ನೇ ಏಕೆ ಇಷ್ಟಪಡುತ್ತಾರೋ ನನಗೆ ಅರ್ಥವಾಗಿಲ್ಲ.

ಮೊದಲು ಕೇಳಬೇಕಾದದ್ದು, ಸೆಲ್ಫ್, ಅಂದರೆ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟರ್, ತಿರುಗುತ್ತಿದೆಯೇ ಎಂಬುದು. ಕೀ ತಿರುಗಿಸಿದಾಗ ಬರೀ ಕಟಕಟ ಸದ್ದು ಬಂದು ಮೀಟರ್ ಬೋರ್ಡಿನ ದೀಪಗಳು ಮಂಕಾದರೆ ಡೀಸೆಲಿನ ಮಾತೇ ಬೇಡ, ಬ್ಯಾಟರಿಯ ಕಡೆ ನೋಡಬೇಕು. ಹೆಡ್‌ಲೈಟ್ ಉರಿಯುತ್ತಿದೆ, ಹಾರ್ನ್ ಕೂಗುತ್ತಿದೆ, ಆದ್ದರಿಂದ ಬ್ಯಾಟರಿ ಚೆನ್ನಾಗಿದೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಹಾರ್ನಿಗೆ ಕೆಲವು ಆಂಪಿಯರ್ ಸಾಕಾದರೆ ಡೀಸೆಲ್ ಎಂಜಿನ್ನನ್ನು ತಿರುಗಿಸಲು ನೂರಾರು ಆಂಪಿಯರ್ ಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೋ ಅದರ ಕೇಬಲ್‌ಗಳನ್ನೋ ಸಂಶಯಿಸಬೇಕು. ಎಷ್ಟೋ ಸಲ ದೋಷ ಟರ್ಮಿನಲ್ಲಿನಲ್ಲೇ ಇರುತ್ತದೆ: ಬಿಳಿ-ಹಸಿರು ಪುಡಿ ಕಟ್ಟಿದ ಕ್ಲಾಂಪ್, ಬೆರಳಿನಿಂದ ತಿರುಗಿಸಿದರೂ ತಿರುಗುವಷ್ಟು ಸಡಿಲ. ಸೆಲ್ಫ್ ತಿರುಗುತ್ತಿದ್ದರೂ ನಿಧಾನವಾಗಿ ತಿರುಗಿದರೆ ಅದೂ ಕೆಟ್ಟದ್ದೇ, ಏಕೆಂದರೆ ಅದುಮಿದ ಗಾಳಿ ಪಿಸ್ಟನ್ ರಿಂಗುಗಳ ಸಂದಿಯಿಂದ ಸೋರುವುದಕ್ಕೂ ತನ್ನ ಕಾವನ್ನು ಲೋಹಕ್ಕೆ ಬಿಟ್ಟುಕೊಡುವುದಕ್ಕೂ ಆಗ ಬೇಕಾದಷ್ಟು ಸಮಯ ಸಿಗುತ್ತದೆ. ಇದಕ್ಕೆ ವಿರುದ್ಧವಾಗಿ ಎಂದಿಗಿಂತ ಹಗುರವಾಗಿ, ಗರಗರನೆ ತಿರುಗಿದರೆ, ಪಿಸ್ಟನ್ನುಗಳಿಗೂ ವಾಲ್ವುಗಳಿಗೂ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಅಂಥ ಹೊತ್ತಿನಲ್ಲಿ ಕೀಯನ್ನು ಮತ್ತೆ ಮುಟ್ಟದಿರುವುದೇ ಒಳ್ಳೆಯದು.

ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದಾಗ ಎಲ್ಲರೂ ಮುಂದುಗಡೆ ಬಗ್ಗಿ ನಿಂತಿರುತ್ತಾರೆ. ನೋಡಬೇಕಾದದ್ದು ಹಿಂದುಗಡೆ, ಸೈಲೆನ್ಸರಿನ ಬಾಯಿಯಲ್ಲಿ. ಅಲ್ಲಿಂದ ಕಣ್ಣು ಉರಿಸುವ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಗ್ಲೋ ಪ್ಲಗ್ಗುಗಳನ್ನೂ (ಇವು ಕಿಡಿ ಹಾರಿಸುವುದಿಲ್ಲ, ತಣ್ಣಗಿನ ಸಿಲಿಂಡರನ್ನು ಕಾಯಿಸುತ್ತವೆ) ಕಂಪ್ರೆಷನ್ನನ್ನೂ, ಅಂದರೆ ಗಾಳಿ ಎಷ್ಟು ಬಿಗಿಯಾಗಿ ಅದುಮಲ್ಪಡುತ್ತಿದೆ ಎಂಬುದನ್ನೂ, ಪರೀಕ್ಷಿಸಬೇಕು. ಮೀಟರ್ ಬೋರ್ಡಿನ ಸುರುಳಿ ದೀಪ ಹೊತ್ತಿ ಆರಿದ ಮಾತ್ರಕ್ಕೆ ಪ್ಲಗ್ಗುಗಳು ಕಾದಿವೆ ಎಂದು ನಂಬುವಂತಿಲ್ಲ, ಅನೇಕ ಕಾರುಗಳಲ್ಲಿ ಆ ದೀಪ ಪ್ಲಗ್ ಬಿಸಿಯಾಗಲೆಂದು ಗೊತ್ತುಮಾಡಿದ ಅವಧಿ ಮುಗಿಯಿತೆಂದಷ್ಟೇ ಹೇಳುತ್ತದೆ. ಬಿಸಿಲಿನ ದಿನ ಒಂದೆರಡು ಪ್ಲಗ್ ಸತ್ತಿದ್ದರೂ ಕಾರು ದೂರು ಹೇಳದೆ ಏಳುತ್ತದೆ. ಚಳಿಯ ಮುಂಜಾನೆಗೆ ಗುಟ್ಟು ರಟ್ಟಾಗುತ್ತದೆ. ಇಂಥಲ್ಲಿ ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯುವ ಸಲಹೆ ಯಾರಿಂದಲಾದರೂ ಬಂದೇ ಬರುತ್ತದೆ. ಕೆಂಪಗೆ ಕಾದ ಗ್ಲೋ ಪ್ಲಗ್ಗಿನ ಮೇಲೆ ಈಥರ್ ಬಿದ್ದರೆ ಪಿಸ್ಟನ್ ಒಡೆಯುವಷ್ಟು ಬಿರುಸಾಗಿ ಸಿಡಿಯಬಹುದೆಂಬುದನ್ನು ಸಲಹೆ ಕೊಡುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ. ಟ್ಯಾಂಕ್ ಖಾಲಿಯೇ, ಕಳ್ಳತನ ತಡೆಯುವ ಇಮ್ಮೊಬಿಲೈಸರಿನ ದೀಪ ಮಿನುಗುತ್ತಿದೆಯೇ ಎಂದು ನೋಡಿದ ಮೇಲೆ ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿಯನ್ನು ಹುಡುಕಬೇಕು. ಸಂಜೆ ಚೆನ್ನಾಗಿ ಓಡಿದ್ದ ಕಾರು ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಂಡು ಏಳುತ್ತಿದ್ದರೆ, ಪೈಪಿನ ಯಾವುದೋ ಜೋಡಣೆಯಿಂದ ಗಾಳಿ ನುಸುಳಿ ಡೀಸೆಲ್ ರಾತ್ರಿಯೆಲ್ಲ ಟ್ಯಾಂಕಿಗೆ ಹಿಂದಿರುಗಿದೆಯೆಂದು ಅನುಮಾನಿಸಬಹುದು. ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿ ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಹ್ಯಾಂಡ್ ಪ್ರೈಮರ್ ಒತ್ತಿದರೆ ತಿಳಿಹಳದಿ ಡೀಸೆಲಿನ ನಡುವೆ ಗುಳ್ಳೆಗಳು ಸಾಲಾಗಿ ಸರಿಯುವುದು ಕಣ್ಣಿಗೇ ಕಾಣುತ್ತದೆ. ಹಲವು ಸಲ ಕಾರಣ ಫಿಲ್ಟರ್ ಬದಲಿಸುವಾಗ ಸರಿಯಾಗಿ ಕೂರಿಸದ ಒಂದು ರಬ್ಬರ್ ರಿಂಗ್. ಹಳೆಯ ಎಂಜಿನ್‌ಗಳಲ್ಲಿ ಇಂಜೆಕ್ಟರಿನ ನಟ್ಟು ಸಡಿಲಿಸಿ ಏರ್ ತೆಗೆಯುತ್ತಿದ್ದರು. ಎಲ್ಲ ಇಂಜೆಕ್ಟರುಗಳಿಗೂ ರೈಲ್ ಎಂಬ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಆ ಅಭ್ಯಾಸವನ್ನು ಬಿಡಲೇಬೇಕು: ಅಲ್ಲಿಯ ಒತ್ತಡ ಓಡುವಾಗ ಸಾವಿರ ಬಾರ್ (ಒಂದು ಬಾರ್ ಎಂದರೆ ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡ) ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಅಲ್ಲಿ ಎಂಜಿನ್ನಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಸ್ಕ್ಯಾನರ್ ಜೋಡಿಸಿ, ಸೆಲ್ಫ್ ಹೊಡೆಯುವಾಗ ರೈಲಿನ ಒತ್ತಡ 200 ಬಾರಿನ ಹತ್ತಿರಕ್ಕೆ ಏರುತ್ತಿದೆಯೇ ಎಂದು ಓದಬೇಕು. ಏರದಿದ್ದರೆ ಇಂಜೆಕ್ಟರುಗಳಿಂದ ಹಿಂದಿರುಗುವ ಸಣ್ಣ ಪೈಪುಗಳಿಗೆ ಒಂದೊಂದು ಸೀಸೆ ಕಟ್ಟಿ ಸೆಲ್ಫ್ ಹೊಡೆದು ನೋಡುವುದು ಗ್ಯಾರೇಜಿನವರ ಪದ್ಧತಿ. ಒಂದು ಸೀಸೆ ಉಳಿದವಕ್ಕಿಂತ ಬೇಗ ತುಂಬಿದರೆ ಆ ಇಂಜೆಕ್ಟರ್ ಸೋರುತ್ತಿದೆ. ಯಾವುದೂ ಹೆಚ್ಚು ತುಂಬದಿದ್ದರೆ, ಪಂಪಿಗೆ ಡೀಸೆಲ್ ಸರಾಗವಾಗಿ ಬರುತ್ತಿದೆಯೆಂದೂ ರೈಲಿನ ಪ್ರೆಶರ್ ವಾಲ್ವ್ ಸರಿಯಾಗಿ ಮುಚ್ಚುತ್ತಿದೆಯೆಂದೂ ಖಚಿತಪಡಿಸಿಕೊಂಡ ಮೇಲಷ್ಟೇ ಪಂಪ್ ಬಿಚ್ಚಬೇಕು.