ಬಿಡಿ ನಾಲಿಗೆ

ಎಲುಬಿಲ್ಲದ ನಾಲಿಗೆ ಏನು ಬೇಕಾದರೂ ಆಡೀತು ಅಂತಾರೆ. ಮರಗೆಲಸದ ನಾಲಿಗೆ ಹಾಗಲ್ಲ. ಅದು ಪೂರ್ತಿ ಎಲುಬೇ. ಆಡುವುದಿರಲಿ, ಅಲುಗಲೂಬಾರದು. ಕುರ್ಚಿಯ ಕಾಲಿಗೂ ಅಡ್ಡಪಟ್ಟಿಗೂ ನಡುವೆ ಕತ್ತಲಲ್ಲಿ ಕೂತು, ಬಂದ ನೆಂಟರ ಭಾರವನ್ನೆಲ್ಲ ಹೊತ್ತು, ಯಾರಿಗೂ ಮುಖ ತೋರಿಸದೆ ಇದ್ದುಬಿಡುತ್ತದೆ. ಸಾಮಾನ್ಯವಾಗಿ ಅಡ್ಡಪಟ್ಟಿಯ ತುದಿಯನ್ನೇ ಕೊಯ್ದು ನಾಲಿಗೆ ಮಾಡಿ ಕಾಲಿನ ಗುಳಿಗೆ ಕೂರಿಸುತ್ತಾರೆ. ಇನ್ನೊಂದು ದಾರಿಯಲ್ಲಿ ಎರಡೂ ಕಡೆ ಗುಳಿ ಕೊರೆದು, ನಾಲಿಗೆಯನ್ನು ಬೇರೆಯೇ ತುಂಡಿನಿಂದ ಮಾಡಿ ನಡುವೆ ಸೇರಿಸುತ್ತಾರೆ. ಇಂಗ್ಲಿಷಿನಲ್ಲಿ ಇದು ಲೂಸ್ ಟೆನನ್. ಲೂಸ್ ಅಂದಕೂಡಲೆ ನಮ್ಮ ಕಡೆ ಬೆರಳು ತಲೆಯ ಹತ್ತಿರ ತಿರುಗುತ್ತದೆ, ಆದ್ದರಿಂದ ಬಿಡಿ ನಾಲಿಗೆ ಅನ್ನೋಣ.

ಸಾಗವಾನಿಯನ್ನು ಸಿಎಫ್‌ಟಿ (ಘನ ಅಡಿ) ಲೆಕ್ಕದಲ್ಲಿ ಕೊಂಡವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಕಣ್ಣಿಗೆ 16 ಇಂಚು ಕಾಣಬೇಕಾದ ಅಡ್ಡಪಟ್ಟಿಗೆ ಎರಡು ತುದಿಯಲ್ಲೂ ಒಂದೊಂದು ಇಂಚಿನ ನಾಲಿಗೆ ಬೇಕೆಂದರೆ 18 ಇಂಚಿನ ತುಂಡು ಬೇಕು. ಬಿಡಿ ನಾಲಿಗೆಯಾದರೆ 16 ಸಾಕು. ಒಂದು ಕುರ್ಚಿಗೆ ನಾಲ್ಕು ಪಟ್ಟಿ ಅಂದರೂ 8 ಇಂಚು ಉಳಿಯಿತು. ಅಳತೆ ತಪ್ಪಿ ನಾಲಿಗೆಯನ್ನೇ ಕೊಯ್ದು ಹಾಕಿದ ಪಟ್ಟಿಯನ್ನು ಬದುಕಿಸುವುದಕ್ಕೂ ಇದೇ ಮದ್ದು.

ಕೊಳ್ಳಬಹುದಲ್ಲ? ಕೊಳ್ಳಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಡೊಮಿನೊ ಕೊಡಿ ಅಂದರೆ ಪಿಜ್ಜಾ ಅಂಗಡಿಯ ದಾರಿ ತೋರಿಸಿಯಾರು, ಅಷ್ಟೆ. ಡೊಮಿನೊ ಅಂದರೆ ಜರ್ಮನಿಯ ಫೆಸ್ಟೂಲ್ ಕಂಪನಿಯ ಗುಳಿ ಕೊರೆಯುವ ಯಂತ್ರ. ಅದಕ್ಕೆಂದೇ ಬೀಚ್ ಮರದ ನಾಲಿಗೆಗಳು ಸಿದ್ಧವಾಗಿ ಬರುತ್ತವೆ: 5×30, 6×40, 8×40, 8×50, 10×50 ಎಂ.ಎಂ. ಹೀಗೆ. ಮೊದಲ ಅಂಕಿ ದಪ್ಪ, ಎರಡನೆಯದು ಉದ್ದ. ಯಂತ್ರವಿದ್ದರೆ ಅವನ್ನೇ ಕೊಳ್ಳಿ, ಕೈಯಲ್ಲಿ ಮಾಡುತ್ತ ಕೂರಬೇಡಿ. ಯಂತ್ರವಿಲ್ಲದೆ ನಾಲಿಗೆ ಮಾತ್ರ ತರಿಸಿಕೊಂಡರೆ ಚಪ್ಪಲಿಗೆ ತಕ್ಕಂತೆ ಕಾಲು ಕೊಯ್ದ ಹಾಗೆ. ಸ್ವಿಟ್ಜರ್ಲೆಂಡಿನಲ್ಲಿ 1950ರ ದಶಕದಲ್ಲಿ ಹುಟ್ಟಿದ ಲ್ಯಾಮೆಲೊ ಬಿಸ್ಕತ್ತು, ಅಂದರೆ ಸಂದಿಗೆ ಹಾಕುವ ತೆಳು ಮರದ ಬಿಲ್ಲೆ, ಬೇರೆ ಜಾತಿ. 20 ನಂಬರಿನದು 56 ಎಂ.ಎಂ. ಉದ್ದ, 23 ಅಗಲ, ದಪ್ಪ ಸುಮಾರು 4. ಹಲಗೆಗೆ ಹಲಗೆ ಸಮ ಕೂರಿಸಲು ಅದು ಬಲು ಚೆಂದ. ಕುರ್ಚಿಗೆ ಹಾಕಿದರೆ ಅದೂ ಬಿಸ್ಕತ್ತಿನಂತೆಯೇ ಮುರಿಯುತ್ತದೆ.

ಉಳಿದವರಿಗೆ ಸಾ ಮಿಲ್ ಮೂಲೆಯ ಚೂರೇ ಗತಿ, ಮತ್ತು ಅದು ಒಳ್ಳೆಯ ಗತಿ. ಸೌದೆಗೆ ಹೋಗಲಿದ್ದ ಎರಡಡಿ ಸಾಗವಾನಿ ಅಥವಾ ಹೊನ್ನೆ ರೀಪು, ಗಂಟಿಲ್ಲದ್ದು, ಎಳೆ ನೆಟ್ಟಗೆ ಓಡಿದ್ದು, ಒಣಗಿದ್ದು. ಜಾಲಿ ಗಟ್ಟಿ, ಗಾಡಿಗೆ ಸೈ. ಆದರೆ ಎಳೆ ತಿರುಚಿಕೊಂಡ ಚೂರೇ ಹೆಚ್ಚು ಸಿಗುವುದರಿಂದ ಮರ ಹೆರೆಯುವ ಹತ್ತರಿಗೆ ಸಿಕ್ಕಾಗ ಕಿತ್ತು ಬರುತ್ತದೆ.

ಮೊದಲು ನಾಲಿಗೆ ಮಾಡಬೇಡಿ. ಮೊದಲು ಗುಳಿ. ಗುಳಿಯ ಅಗಲ ಕೊರೆಯುವ ಯಂತ್ರವಾದ ರೂಟರ್‌ನ ಅಲಗಿನ, ಅಂದರೆ ಬಿಟ್‌ನ ಹಟ, ಅದನ್ನು ಬದಲಿಸಲಾಗದು, ನಾಲಿಗೆಯನ್ನು ಸವರಬಹುದು. ಇಲ್ಲೇ ಬಹಳ ಜನ ಜಾರುವುದು. ಕಾಲಿಂಚಿನ ಬಿಟ್ ಅಂದರೆ 6.35 ಎಂ.ಎಂ. ಅದಕ್ಕೆ 6 ಎಂ.ಎಂ. ನಾಲಿಗೆ ಮಾಡಿದರೆ ಬಾಯಿತುಂಬ ಗಾಳಿ. ಮರದ ದಪ್ಪದ ಮೂರನೇ ಒಂದು ಪಾಲು ನಾಲಿಗೆಗೆ ಅನ್ನುವುದು ರೂಢಿ. 22 ಎಂ.ಎಂ. ಹಲಗೆಗೆ 8 ಎಂ.ಎಂ. ನಾಲಿಗೆ ಕೂರುತ್ತದೆ, ಎರಡು ಕಡೆಯೂ ಏಳೇಳು ಎಂ.ಎಂ. ಗೋಡೆ ಉಳಿಯುತ್ತದೆ. ಗುಳಿ ಕೊರೆಯುವಾಗ ಎಲ್ಲ ತುಂಡಿನ ಮುಂಬದಿಗೂ ಪೆನ್ಸಿಲ್ ಗುರುತು ಹಾಕಿ, ರೂಟರನ್ನು ನೇರ ನಡೆಸುವ ಗೈಡನ್ನು ಆ ಬದಿಗೇ ಒತ್ತಿ ಹಿಡಿಯಬೇಕು. ಒಂದಕ್ಕೆ ಮುಂಬದಿ, ಇನ್ನೊಂದಕ್ಕೆ ಹಿಂಬದಿ ಆಯಿತೆಂದರೆ ಅರ್ಧ ಎಂ.ಎಂ. ತಪ್ಪು ಒಂದು ಎಂ.ಎಂ. ಆಗಿ ಸಂದಿನಲ್ಲಿ ಮೆಟ್ಟಿಲಾಗಿ ನಿಲ್ಲುತ್ತದೆ.

ಎರಡೂ ಕಡೆ 25 ಎಂ.ಎಂ. ಆಳದ ಗುಳಿ, ಉದ್ದ 32 ಅಂದುಕೊಳ್ಳಿ. ರೀಪನ್ನು 30 ಎಂ.ಎಂ. ಅಗಲಕ್ಕೆ, 8.5 ದಪ್ಪಕ್ಕೆ ಕೊಯ್ದು, ಆಮೇಲೆ ಹತ್ತರಿ ಹೊಡೆಯುತ್ತ 8ರ ಕಡೆಗೆ ಇಳಿಸಬೇಕು. ಉದ್ದ 50 ಅಲ್ಲ, 48. ಆ ಎರಡು ಎಂ.ಎಂ. ಅಂಟಿಗೆ ಬಿಟ್ಟ ಜಾಗ. ಬಿಡದಿದ್ದರೆ ನಾಲಿಗೆ ತಳ ಮುಟ್ಟಿ ನಿಲ್ಲುತ್ತದೆ, ಕ್ಲ್ಯಾಂಪ್ ಎಷ್ಟು ತಿರುವಿದರೂ ಸಂದು ಮುಚ್ಚುವುದಿಲ್ಲ. ಎರಡಡಿ ರೀಪಿನಲ್ಲಿ 11 ನಾಲಿಗೆ ಧಾರಾಳವಾಗಿ ಬರುತ್ತವೆ. ರೂಟರ್ ಗುಳಿಯ ತುದಿ ದುಂಡಗಿರುತ್ತದೆ. ಅದಕ್ಕೆ ಸರಿಯಾಗಿ ನಾಲಿಗೆಯ ಅಂಚನ್ನೂ 4 ಎಂ.ಎಂ. ತ್ರಿಜ್ಯಕ್ಕೆ ದುಂಡು ಮಾಡುವವರಿದ್ದಾರೆ. ನೋಡಲು ಲಕ್ಷಣ, ಕೆಲಸಕ್ಕೆ ಅಷ್ಟೇನೂ ಬೇಕಿಲ್ಲ. ಅಂಟು ಹಿಡಿಯುವುದು ಅಗಲವಾದ ಎರಡು ಮುಖಗಳಲ್ಲಿ, ಅಂಚಿನಲ್ಲಲ್ಲ. ಅಂಚಿನ ಸಂದು ಹೆಚ್ಚಾದ ಅಂಟಿಗೆ ಓಡಿಹೋಗುವ ದಾರಿ.

ದಪ್ಪದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನುಸುಳಿದವರಿಗೆ ಗೊತ್ತು: ಮೈ ಗೋಡೆಗೆ ಸವರಬೇಕು, ಸಿಕ್ಕಿಹಾಕಿಕೊಳ್ಳಬಾರದು. ಒಣ ನಾಲಿಗೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಗುಳಿಯೊಳಗಿನ ಗಾಳಿ ಪುಸ್ಸೆಂದು ಹೊರಬರುತ್ತ ಅದು ಮೆಲ್ಲಗೆ ಇಳಿಯಬೇಕು, ತುಂಡನ್ನು ತಲೆಕೆಳಗು ಮಾಡಿದರೆ ಬೀಳಬಾರದು, ಎಳೆದರೆ ಟಪ್ ಅಂತ ಬರಬೇಕು. ಕೊಡತಿ ಬೇಕಾಯಿತೆಂದರೆ ಬಿಗಿ ಹೆಚ್ಚು. ಅಂಥದ್ದನ್ನು ಬಡಿದು ಕೂರಿಸಿದರೆ ಅಂಟೆಲ್ಲ ಬಾಯಲ್ಲೇ ಕೆರೆದು ಉಳಿಯುತ್ತದೆ, ತಳದಲ್ಲಿ ಸಿಕ್ಕಿದ ಅಂಟು ಒತ್ತಡ ತಾಳದೆ ಕಾಲನ್ನೇ ಸೀಳಬಹುದು. ನಾಲಿಗೆಯ ಮುಖದ ಮೇಲೆ ಉದ್ದಕ್ಕೆ ಒಂದೆರಡು ತೆಳು ಗೀರು ಎಳೆದು, ತುದಿಯ ಮೂಲೆ ಮುರಿದರೆ ಆ ಒತ್ತಡಕ್ಕೆ ದಾರಿ ಸಿಗುತ್ತದೆ. ಹಾಗಂತ ಸಡಿಲ ಬಿಟ್ಟು ಫೆವಿಕಾಲ್ ತುಂಬಿದರೂ ಆಗದು. ಅದು ಒಣಗುತ್ತ ಕುಗ್ಗುತ್ತದೆ.

"ಪ್ಲೈ ಚೂರು ಹಾಕ್ರಿ, ನಡೀತೈತಿ" ಅನ್ನುವ ಮೇಸ್ತ್ರಿಗಳಿದ್ದಾರೆ. ನಡೆಯುತ್ತದೆ, ಮನೆಯ ಗೃಹಪ್ರವೇಶದವರೆಗೆ. ಪ್ಲೈನಲ್ಲಿ ಒಂದು ಪದರದ ಎಳೆ ಉದ್ದಕ್ಕೆ, ಮರುಪದರದ್ದು ಅಡ್ಡಕ್ಕೆ. ಅಡ್ಡ ಎಳೆ ಸಂದಿನಲ್ಲಿ ಭಾರ ಹೊರುವುದಿಲ್ಲ. ಮೇಲಾಗಿ 6 ಎಂದು ಮುದ್ರೆ ಒತ್ತಿದ ಪ್ಲೈ ದಪ್ಪ ಅಳೆಯುವ ವರ್ನಿಯರ್ ಮುಂದೆ 6 ಆಗಿ ನಿಲ್ಲುವುದು ಅಪರೂಪ. ಮರದ ನಾಲಿಗೆಯಲ್ಲೂ ಎಳೆ ಕಾಲಿನಿಂದ ಪಟ್ಟಿಯ ಕಡೆಗೆ, ಸಂದನ್ನು ದಾಟಿ ಓಡಬೇಕು. ಅಡ್ಡಡ್ಡ ಕೊಯ್ದ ನಾಲಿಗೆ ಕೈಯಲ್ಲೇ ಪಟಕ್ಕೆನ್ನುತ್ತದೆ, ಬೇಕಾದರೆ ಒಂದನ್ನು ಮುರಿದೇ ನೋಡಿ.

ಸಾಗವಾನಿಯ ಎಣ್ಣೆಗೆ ಅಂಟು ಜಾರುತ್ತದೆ, ಹಚ್ಚುವ ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಬೇಕು. ಅಂಟನ್ನು ಗುಳಿಗೆ ಸುರಿಯದೆ ಕಡ್ಡಿಯಲ್ಲಿ ಎರಡು ಗೋಡೆಗೂ ಬಳಿಯಿರಿ. ಏಪ್ರಿಲ್ ಮಧ್ಯಾಹ್ನದ ದಾವಣಗೆರೆಯಲ್ಲಿ ಆ ಅಂಟು ನೋಡನೋಡುತ್ತ ಕೆನೆ ಕಟ್ಟುತ್ತದೆ. ಕ್ಲ್ಯಾಂಪ್‌ಗಳನ್ನು ಮೊದಲೇ ಬಿಚ್ಚಿ ಇಟ್ಟುಕೊಂಡಿರಬೇಕು. ರಾತ್ರಿಯಿಡೀ ಬಿಗಿದಿರಲಿ. ಗೇಟು, ಹಿತ್ತಲ ಬಾಗಿಲಿಗಾದರೆ ನೀರು ತಡೆಯುವ ಮರೈನ್ ಅಂಟು. ಹಳೇ ಮನೆಗಳ ಚೌಕಟ್ಟಿನಂತೆ ಬಿದಿರ ಗೂಟವನ್ನೂ ಬಡಿಯುವ ಆಸೆಯಿದ್ದರೆ, ಬಿಡಿ ನಾಲಿಗೆಗೆ ಒಂದು ಸಾಲದು. ಆ ಕಡೆಗೊಂದು, ಈ ಕಡೆಗೊಂದು ಬೇಕು.

ಬೇಸಿಗೆಯಲ್ಲಿ ಹೆಬ್ಬೆರಳಿಗೆ ಇಳಿದ ನಾಲಿಗೆ ಜುಲೈ ಜಿಟಿಜಿಟಿಯಲ್ಲಿ ಕೊಡತಿ ಕೇಳುತ್ತದೆ. ಊದಿದ್ದು ಕೂದಲೆಳೆಯಷ್ಟು, ಆದರೆ ನಮ್ಮ ಹದವೂ ಅಷ್ಟರದ್ದೇ. ಗಾಳಿಗಿಟ್ಟ ಮಂಡಕ್ಕಿ ಮೆತ್ತಗಾಗುವುದೂ ಇದೇ ತೇವದಿಂದ, ಮದ್ದೂ ಒಂದೇ: ಬಿಗಿ ಮುಚ್ಚಳದ ಡಬ್ಬಿ. ಊದಿಹೋದವನ್ನು ಉಜ್ಜಲು ಹೋಗಬೇಡಿ, ಒಣಗಿದ ಮೇಲೆ ಅವೇ ಸಡಿಲವಾಗುತ್ತವೆ. ಎರಡು ದಿನ ಒಲೆಯ ಪಕ್ಕದ ಬೆಚ್ಚಗಿನ ಗೂಡಿನಲ್ಲಿಡಿ. ಡಬ್ಬಿಯ ಮೇಲೆ ಯಾವ ಬಿಟ್‌ಗೆ ಮಾಡಿದ್ದು ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಇಲ್ಲದಿದ್ದರೆ ಸಂಜೆ ಮಿರ್ಚಿ ಕರಿದಾಗ ಮನೆಯವರು ಮೊದಲು ತೆಗೆಯುವುದು ಆ ಡಬ್ಬಿಯನ್ನೇ.