ಹೆರೋಡನ ಬಂದರು ನೀರಿನೊಳಗೇ ಇರಲಿ

ಇಸ್ರೇಲಿನ ಸಿಸೇರಿಯಾದಲ್ಲಿ ಡೈವಿಂಗ್ ಎಂದೊಡನೆ ಎಲ್ಲರಿಗೂ ಚಿನ್ನದ ನಾಣ್ಯಗಳು ನೆನಪಾಗುತ್ತವೆ. 2015ರಲ್ಲಿ, ಮಧ್ಯಯುಗದಲ್ಲಿ ಈಜಿಪ್ಟ್ ಆಳಿದ ಫಾತಿಮಿದ ಮನೆತನದ ಕಾಲದ ಸುಮಾರು ಎರಡು ಸಾವಿರ ನಾಣ್ಯಗಳು ಅಲ್ಲಿ ಸಿಕ್ಕವಲ್ಲ, ಆ ಗುಂಗು ಇನ್ನೂ ಇಳಿದಿಲ್ಲ. ನನ್ನನ್ನು ಕೇಳಿದರೆ, ಅಲ್ಲಿ ಮುಳುಗಿ ನೋಡಬೇಕಾದದ್ದು ಸಮುದ್ರದಡಿ ಸೇರಿರುವ ಹಳೆಯ ಬಂದರಿನ ಕಾಂಕ್ರೀಟನ್ನು.

ಆ ತೀರದಲ್ಲಿ ಹಡಗುಗಳಿಗೆ ಆಸರೆಯಾಗುವಂಥ ಕೊಲ್ಲಿಯೇ ಇರಲಿಲ್ಲ. ಕ್ರಿಸ್ತಪೂರ್ವ 1ನೆಯ ಶತಮಾನದ ಕೊನೆಯಲ್ಲಿ ಯೆಹೂದ ನಾಡಿನ ಹೆರೋಡ ದೊರೆ ಬಯಲು ಸಮುದ್ರದಲ್ಲೇ ಅಲೆತಡೆಗಳನ್ನು ಕಟ್ಟಿಸಿದ. ಇಟಲಿಯ ನೇಪಲ್ಸ್ ಕೊಲ್ಲಿಯ ಕಡೆಯಿಂದ ಜ್ವಾಲಾಮುಖಿಯ ಬೂದಿ ಬಂತು; ಸುಣ್ಣದ ಜೊತೆ ಬೆರೆತರೆ ಅದು ನೀರಿನೊಳಗೇ ಗಟ್ಟಿಯಾಗುತ್ತದೆ. ಮರದ ಭಾರಿ ಪೆಟ್ಟಿಗೆಗಳನ್ನು ಸಮುದ್ರದಲ್ಲಿ ಇಳಿಸಿ, ಅದೇ ಗಾರೆಯನ್ನೂ ಕಲ್ಲನ್ನೂ ಸುರಿದರು. ಹಾಗೆ ಗಟ್ಟಿಯಾದ ಒಂದೊಂದು ಕಾಂಕ್ರೀಟ್ ದಿಮ್ಮಿ ಮನೆಯಷ್ಟು ದೊಡ್ಡದು.

ಕ್ರಿಸ್ತಶಕ 1ನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಈ ಬಂದರನ್ನು ಬಾಯ್ತುಂಬ ಹೊಗಳಿದ್ದಾನೆ. ಗ್ರೀಸಿನ ಪಿರೇಯಸ್ ಬಂದರಿಗಿಂತ ದೊಡ್ಡದು ಎಂದೂ ಬರೆದ. ಆದರೆ ದಿಮ್ಮಿಯ ಹತ್ತಿರಕ್ಕೆ ಈಜಿ ನೋಡಿ, ಬೇರೆಯೇ ಕಥೆ. ಹಲಗೆ ಕೊಳೆತು ಹೋದ ಕಡೆ ಅದರ ಅಚ್ಚು ಉಳಿದಿದೆ. ಸುಣ್ಣ ಸರಿಯಾಗಿ ಕಲಸಿಕೊಳ್ಳದೆ ಬಿಳಿ ಗಂಟುಗಳಾಗಿ ಅಲ್ಲಲ್ಲಿ ನಿಂತಿದೆ. ಅವಸರದ ಕೆಲಸ! ದೊರೆಗೆ ಬೇಗ ಮುಗಿಯಬೇಕಿತ್ತು, ಮೇಸ್ತ್ರಿಗಳು ಮುಗಿಸಿಕೊಟ್ಟರು. ಯಾವ ಗ್ರಂಥವೂ ಹೇಳದ ಈ ಮಾತನ್ನು ಆ ಗಂಟುಗಳು ಹೇಳುತ್ತವೆ.

ಕೆಳಗಿನ ಮರಳು ಅಷ್ಟು ಭಾರ ತಾಳಲಿಲ್ಲ, ಭೂಕಂಪಗಳೂ ಬಿಡಲಿಲ್ಲ. ಎಷ್ಟು ಬೇಗ ಕುಸಿಯಿತು ಗೊತ್ತೇ? ಅಲೆತಡೆಯ ಮೇಲೆಯೇ ಒಂದು ಹಡಗು ಒಡೆದಿದೆ. ಅದರಲ್ಲಿದ್ದ ಸೀಸದ ಗಟ್ಟಿಗಳ ಮೇಲೆ ಕ್ರಿಸ್ತಶಕ 81ರಿಂದ 96ರವರೆಗೆ ಆಳಿದ ರೋಮಿನ ಡೊಮಿಷಿಯನ್ ಚಕ್ರವರ್ತಿಯ ಹೆಸರಿದೆ. ಕಟ್ಟಿ ನೂರು ವರ್ಷ ಕಳೆಯುವಷ್ಟರಲ್ಲಿ, ಹಡಗು ಕಾಯಬೇಕಿದ್ದ ಗೋಡೆಯೇ ಹಡಗು ಮುಳುಗಿಸುವ ಬಂಡೆಯಾಗಿತ್ತು.

ಇವನ್ನೆಲ್ಲ ಎತ್ತಿ ಮ್ಯೂಸಿಯಂನಲ್ಲಿ ಇಡಬೇಕು ಎನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ನಾಣ್ಯ ಎತ್ತಿ, ಬೇಡವೆನ್ನುವುದಿಲ್ಲ. ಆದರೆ ದಿಮ್ಮಿ ಎಲ್ಲಿ ಕೂತಿದೆ, ಯಾವ ಕಡೆ ವಾಲಿದೆ ಎನ್ನುವುದರಲ್ಲೇ ಕುಸಿತದ ಸಾಕ್ಷ್ಯವಿದೆ. 2006ರಲ್ಲಿ ಅಲ್ಲಿ ನೀರೊಳಗಿನ ಉದ್ಯಾನ ತೆರೆದರು. ನೀರಿಗೆ ಹಾಳಾಗದ ನಕ್ಷೆ ಹಿಡಿದು, ನೆಲದ ಗುರುತುಗಳನ್ನು ನೋಡುತ್ತ ಸಾಗಬಹುದು. ಆಳವೂ ಹೆಚ್ಚಿಲ್ಲ, ಹೊಸಬರೂ ಹೋಗಬಹುದು. ಅಲೆ ಎದ್ದ ದಿನ ಮಾತ್ರ ಬೇಡ. ಮರಳು ಕಲಕಿದರೆ ಕೈಯಲ್ಲಿರುವ ನಕ್ಷೆಯೇ ಕಾಣುವುದಿಲ್ಲ, ಇನ್ನು ಹೆರೋಡನ ಬಂದರು ಎಲ್ಲಿ ಕಂಡೀತು.